ಹನ್ನೆರಡು ದಿನದ ಹಬ್ಬ ಒಂದು ಊಟದ ಮೇಜಿಗೆ ಬಂದದ್ದು ಹೇಗೆ?

ಡಿಸೆಂಬರ್ 25ರ ಕ್ರಿಸ್‌ಮಸ್ ದಿನ ಲಂಡನ್ನಿನ ಅಂಡರ್‌ಗ್ರೌಂಡ್ ರೈಲು ಓಡುವುದಿಲ್ಲ, ಕೆಂಪು ಬಸ್ಸುಗಳೂ ಡಿಪೋ ಬಿಟ್ಟು ಹೊರಡುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆಗೆಯಬಾರದೆಂದು 2004ರಲ್ಲಿ ಕಾನೂನನ್ನೇ ಮಾಡಿದ್ದಾರೆ. ಓದಲೋ ಕೆಲಸಕ್ಕೋ ಹೊಸದಾಗಿ ಅಲ್ಲಿಗೆ ಹೋದ ನಮ್ಮವರಿಗೆ ಊರೇ ಬಂದ್ ಆದಂತೆ ಕಾಣುತ್ತದೆ. ಜನರೆಲ್ಲ ಮನೆಯೊಳಗಿರುತ್ತಾರೆ. ಬೆಳಿಗ್ಗೆ ಮಕ್ಕಳು ಮಂಚದ ತುದಿಗೆ ಕಟ್ಟಿದ ಕಾಲುಚೀಲದಿಂದ ಉಡುಗೊರೆ ತೆಗೆಯುತ್ತಾರೆ, ಮಧ್ಯಾಹ್ನ ಭಾರಿ ಊಟ, ಮೂರು ಗಂಟೆಗೆ ಟಿವಿಯಲ್ಲಿ ದೊರೆಯ ಭಾಷಣ. ಕೇಳಿದರೆ ಅನಾದಿ ಕಾಲದ ಸಂಪ್ರದಾಯ ಎನ್ನುತ್ತಾರೆ. ಆದರೆ ಹೀಗೆ ಮನೆಯವರಷ್ಟೇ ಸೇರಿ ಒಂದೇ ದಿನದಲ್ಲಿ ಮುಗಿಸುವ ಕ್ರಿಸ್‌ಮಸ್‌ಗೆ ಸುಮಾರು 180 ವರ್ಷ ವಯಸ್ಸು, ಅಷ್ಟೇ.

ಅದಕ್ಕೆ ಮೊದಲು ಹಬ್ಬ ಡಿಸೆಂಬರ್ 25ಕ್ಕೆ ಶುರುವಾಗಿ ಜನವರಿ 5ರ ತನಕ ಹನ್ನೆರಡು ದಿನ ನಡೆಯುತ್ತಿತ್ತು. ಒಡೆಯರು ತಮ್ಮ ಬಂಗಲೆಯ ಹಜಾರದಲ್ಲಿ ಒಕ್ಕಲಿನವರಿಗೆ ಊಟ ಹಾಕುತ್ತಿದ್ದರು. ಕೊನೆಯ ರಾತ್ರಿ ಕತ್ತರಿಸುವ ಕೇಕಿನಲ್ಲಿ ಒಂದು ಅವರೆಯಂಥ ಕಾಳು ಅಡಗಿರುತ್ತಿತ್ತು, ಅದು ಯಾರ ಪಾಲಿಗೆ ಬಂತೋ ಅವರು ಆ ರಾತ್ರಿಯ ರಾಜ. ಕುಡಿತ, ಕುಣಿತ, ಮನೆಮನೆಗೆ ಹೋಗಿ ಹಾಡುವುದು ಎಲ್ಲವೂ ಬೀದಿಗೆ ಸೇರಿದ್ದು.

ಈ ಗದ್ದಲವನ್ನು ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು, ಸಹಿಸಲಿಲ್ಲ. ಬೈಬಲಿನಲ್ಲಿ ಕ್ರಿಸ್ತ ಹುಟ್ಟಿದ ತಾರೀಖೇ ಇಲ್ಲ, ಇದು ಪೋಪನ ಕಡೆಯವರು ತಂದ ಆಚರಣೆ ಎಂಬುದು ಅವರ ವಾದ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಅವರ ಕೈ ಮೇಲಾದಾಗ, 1647ರಲ್ಲಿ ಪಾರ್ಲಿಮೆಂಟ್ ಕ್ರಿಸ್‌ಮಸ್ ಆಚರಣೆಯನ್ನೇ ರದ್ದು ಮಾಡಿತು. ಆ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯಲ್ಲಿ ಜನ ದಂಗೆ ಎದ್ದರು. 1660ರಲ್ಲಿ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಇಂಗ್ಲೆಂಡಿಗೆ ಹಬ್ಬ ಮರಳಿತು. ಸ್ಕಾಟ್ಲೆಂಡಿನ ಚರ್ಚ್ ಮಾತ್ರ ಪಟ್ಟು ಬಿಡಲಿಲ್ಲ. ಅಲ್ಲಿ ಕ್ರಿಸ್‌ಮಸ್‌ಗೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ! ಇಂದಿಗೂ ಸ್ಕಾಟರಿಗೆ ವರ್ಷದ ಕೊನೆಯ ರಾತ್ರಿಯ ಹಾಗ್ಮನೇ ಬಲು ದೊಡ್ಡ ಹಬ್ಬ.

ಹನ್ನೆರಡು ದಿನದ ಹಬ್ಬವನ್ನು ನಿಜವಾಗಿ ಮುಗಿಸಿದ್ದು ಕಾರ್ಖಾನೆ ಮತ್ತು ಕಚೇರಿ. ಮಗ್ಗದ ಗಿರಣಿಗೆ ಎರಡು ವಾರ ಬೀಗ ಹಾಕಲು ಯಾವ ಮಾಲೀಕನೂ ಒಪ್ಪುವುದಿಲ್ಲ. ಒಂದು ಕಾಲಕ್ಕೆ ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ದಿನ ಮುಚ್ಚುತ್ತಿದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ 1834ರಲ್ಲಿ ನಾಲ್ಕೇ ರಜೆ ಉಳಿಸಿಕೊಂಡಿತು, ಕ್ರಿಸ್‌ಮಸ್ ಅದರಲ್ಲೊಂದು. ದುಡಿಯುವವರ ಕೈಗೆ ಉಳಿದದ್ದು ಆ ಒಂದು ದಿನ. ಕೆಲಸ ಹುಡುಕಿ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದವರಿಗೆ ಒಡೆಯನ ಹಜಾರವೂ ಇಲ್ಲ, ಗೊತ್ತಿರುವ ನೆರೆಹೊರೆಯೂ ಇಲ್ಲ. ಹಬ್ಬ ಮನೆಯೊಳಗೆ ಬಂದದ್ದು ಹೀಗೆ ಎಂದು ನನ್ನ ನಂಬಿಕೆ. ಆಮೇಲೆ ಬಂದ ಅಲಂಕಾರಗಳೆಲ್ಲ ಈ ಒಂದು ದಿನವನ್ನು ತುಂಬಲು ಬಂದವು.

1843ರ ಡಿಸೆಂಬರ್ ಇದರಲ್ಲಿ ಮುಖ್ಯ ಘಟ್ಟ. ಚಾರ್ಲ್ಸ್ ಡಿಕನ್ಸ್‌ನ ಕಿರುಕಾದಂಬರಿ 'ಎ ಕ್ರಿಸ್‌ಮಸ್ ಕ್ಯಾರಲ್' ಆ ತಿಂಗಳ 19ರಂದು ಹೊರಬಂತು. ಬಡ ಗುಮಾಸ್ತನೊಬ್ಬನ ಮನೆಯ ಊಟವೇ ಅದರ ಹೃದಯ. ಮೊದಲ ಆರು ಸಾವಿರ ಪ್ರತಿಗಳು ಹಬ್ಬದ ಹೊತ್ತಿಗೆ ಖಾಲಿಯಾದವು. ಅದೇ ತಿಂಗಳು ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ, ಎಲ್ಲರಿಗೂ ಕೈಯಾರೆ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಚಿತ್ರಕಾರ ಹಾರ್ಸ್‌ಲಿಯಿಂದ ಚಿತ್ರ ಬರೆಸಿ ಸಾವಿರ ಶುಭಾಶಯ ಕಾರ್ಡು ಅಚ್ಚು ಹಾಕಿಸಿದ. ಒಂದು ಪೆನ್ನಿ ನಾಣ್ಯಕ್ಕೆ ಪತ್ರ ಕಳಿಸುವ ಅಂಚೆ 1840ರಲ್ಲೇ ಶುರುವಾಗಿತ್ತು. ಆದರೆ ಕಾರ್ಡಿಗೆ ಒಂದು ಶಿಲಿಂಗ್, ಅಂದರೆ ಹನ್ನೆರಡು ಪೆನ್ನಿ, ಕೂಲಿಯವರಿಗೆ ಎಟುಕದ ಬೆಲೆ. ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳು ವೈನ್ ಕುಡಿಯುತ್ತಿದ್ದಾಳೆಂದು ಪಾನನಿಷೇಧದ ಪರವಾದವರು ಕಿಡಿಕಾರಿದರು. ಕ್ರಿಸ್‌ಮಸ್ ಮರವನ್ನು ಜರ್ಮನ್ ಮೂಲದ ರಾಣಿ ಶಾರ್ಲಟ್ 1800ರಲ್ಲೇ ವಿಂಡ್ಸರ್‌ನಲ್ಲಿ ನಿಲ್ಲಿಸಿದ್ದಳು. ಆದರೂ ಮಧ್ಯಮ ವರ್ಗದ ಮನೆಗಳಿಗೆ ಅದು ಹೊಕ್ಕಿದ್ದು, 1848ರಲ್ಲಿ ಪತ್ರಿಕೆಯೊಂದು ರಾಣಿ ವಿಕ್ಟೋರಿಯಾ ಮತ್ತು ಗಂಡ ಆಲ್ಬರ್ಟ್ ಮಕ್ಕಳೊಂದಿಗೆ ಮರದ ಸುತ್ತ ನಿಂತ ಚಿತ್ರ ಅಚ್ಚು ಮಾಡಿದ ಮೇಲೆ.

ಇನ್ನು ಊಟ. ಟರ್ಕಿ ಕೋಳಿ ಬಹುಕಾಲ ಉಳ್ಳವರ ಊಟವೇ ಆಗಿತ್ತು. ಬಡವರಿಗೆ ಬಾತುಕೋಳಿಯ ಜಾತಿಯ ಗೂಸ್. ಅದಕ್ಕೂ ವಾರವಾರ ಒಂದೆರಡು ಪೆನ್ನಿ ಚೀಟಿ ಕಟ್ಟಬೇಕಿತ್ತು. 'ಗೂಸ್ ಕ್ಲಬ್' ಎಂದರೆ ಇದೇ. ಮನೆಯಲ್ಲಿ ಓವನ್ ಇಲ್ಲದವರು ಹಬ್ಬದ ಬೆಳಿಗ್ಗೆ ಅದನ್ನು ಬೀದಿಯ ಬೇಕರಿಗೆ ಹೊತ್ತು, ಹುರಿಸಿಕೊಂಡು ತರುತ್ತಿದ್ದರು. ಟರ್ಕಿ ಎಲ್ಲರ ಮನೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ, ದೊಡ್ಡ ಕೋಳಿ ಫಾರಂಗಳು ಬಂದು ಬೆಲೆ ಇಳಿದಾಗ.

ಪುಡ್ಡಿಂಗ್‌ನ ಕೆಲಸ ತಿಂಗಳ ಮೊದಲೇ, ನವೆಂಬರ್ ಕೊನೆಯ 'ಸ್ಟಿರ್ ಅಪ್ ಸಂಡೆ'ಯಂದು, ಶುರುವಾಗುತ್ತದೆ. ಒಣದ್ರಾಕ್ಷಿ, ದನದ ಕೊಬ್ಬು, ಬ್ರೆಡ್ಡಿನ ಪುಡಿ, ಸಕ್ಕರೆ, ಮೊಟ್ಟೆ, ಮಸಾಲೆ, ಬ್ರಾಂದಿ ಎಲ್ಲ ದೊಡ್ಡ ಬೋಗುಣಿಗೆ. ಮನೆಯ ಪ್ರತಿಯೊಬ್ಬರೂ ಸೌಟು ಹಿಡಿದು ಪೂರ್ವದಿಂದ ಪಶ್ಚಿಮಕ್ಕೆ ಒಮ್ಮೆ ತಿರುಗಿಸಿ ಮನದಲ್ಲೇ ಏನಾದರೂ ಬೇಡಿಕೊಳ್ಳಬೇಕು. ಒಂದು ಬೆಳ್ಳಿ ನಾಣ್ಯವನ್ನೂ ಒಳಗೆ ಹಾಕುತ್ತಾರೆ. ಹಿಂದೆ ಬಟ್ಟೆಯಲ್ಲಿ ಕಟ್ಟಿ ಕುದಿಸುತ್ತಿದ್ದರು, ಈಗ ಬಟ್ಟಲಿನಲ್ಲಿಟ್ಟು ಕಡುಬಿನಂತೆ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹಬ್ಬದ ದಿನ ಬೆಚ್ಚಗಿನ ಬ್ರಾಂದಿ ಸುರಿದು ಕಡ್ಡಿ ಗೀರಿದರೆ ಕಪ್ಪು ಉಂಡೆಯ ಮೈಮೇಲೆ ನೀಲಿ ಜ್ವಾಲೆ ಹರಿದಾಡುತ್ತದೆ. 1920ರ ದಶಕದಲ್ಲಿ ಸಾಮ್ರಾಜ್ಯದ ಸರಕುಗಳ ಪ್ರಚಾರಕ್ಕಿದ್ದ ಸರ್ಕಾರಿ ಸಂಸ್ಥೆ ಎಂಪೈರ್ ಮಾರ್ಕೆಟಿಂಗ್ ಬೋರ್ಡ್ ಇದರ ಪಾಕವಿಧಾನವನ್ನೇ ಪ್ರಚಾರಕ್ಕೆ ಬಳಸಿತು: ಒಣದ್ರಾಕ್ಷಿ ಆಸ್ಟ್ರೇಲಿಯಾದ್ದು, ಲವಂಗ ಜಾಂಜಿಬಾರಿನದು, ಚಕ್ಕೆ ಭಾರತದ್ದೋ ಸಿಲೋನಿನದೋ. ವಸಾಹತುಗಳ ದುಡಿಮೆಯೆಲ್ಲ ಒಂದು ಬಟ್ಟಲಿನಲ್ಲಿ ಬೆಂದದ್ದನ್ನು ಹಬ್ಬದ ಹೆಮ್ಮೆಯಾಗಿ ತೋರಿಸಿದ ಆ ಪಾಕವಿಧಾನವನ್ನು ಓದುವಾಗ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ದೊರೆಯ ಭಾಷಣ ಆರಂಭವಾದದ್ದು 1932ರಲ್ಲಿ. ಐದನೇ ಜಾರ್ಜ್ ತನ್ನ ಸ್ಯಾಂಡ್ರಿಂಗ್‌ಹ್ಯಾಮ್ ಮನೆಯಿಂದ ರೇಡಿಯೊದಲ್ಲಿ ಮಾತಾಡಿದ, ಬರೆದುಕೊಟ್ಟದ್ದು ಲೇಖಕ ರಡ್ಯರ್ಡ್ ಕಿಪ್ಲಿಂಗ್. ಶಾರ್ಟ್‌ವೇವ್‌ನಲ್ಲಿ ಸಾಮ್ರಾಜ್ಯದ ಹೆಚ್ಚಿನ ಭಾಗಕ್ಕೆ ತಲುಪಲಿ ಎಂದು ಮೂರು ಗಂಟೆ ಆರಿಸಿದರು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಊಟದ ಹೊತ್ತು ನಿರ್ಧಾರವಾಗುವುದು ಆ ಮೂರು ಗಂಟೆಯ ಲೆಕ್ಕದಲ್ಲೇ. ಅಷ್ಟರೊಳಗೆ ಟರ್ಕಿ ಬೇಯಬೇಕು ಎಂದರೆ ಅಡುಗೆಮನೆಯಲ್ಲಿರುವವರು, ಹೆಚ್ಚಾಗಿ ಹೆಂಗಸರೇ, ಬೆಳಕು ಹರಿಯುವ ಮೊದಲು ಏಳಬೇಕು. ಹಬ್ಬ ಬೀದಿಯಿಂದ ಮನೆಗೆ ಬಂದಾಗ ಅದರ ಭಾರವೂ ಅವರ ಹೆಗಲಿಗೇ ಬಂತು. ಸಂಪ್ರದಾಯದ ವರ್ಣನೆಗಳಲ್ಲಿ ಈ ಮಾತು ತೀರಾ ಕಡಿಮೆ.

ಮರುದಿನ, ಡಿಸೆಂಬರ್ 26, ಬಾಕ್ಸಿಂಗ್ ಡೇ. ಹಿಂದೆ ಆಳುಕಾಳುಗಳಿಗೆ, ಅಂಚೆಯವರಿಗೆ ಇನಾಮು ಕೊಡುತ್ತಿದ್ದ ದಿನ. 1871ರ ಬ್ಯಾಂಕ್ ರಜೆ ಕಾಯ್ದೆ ಅದನ್ನೂ ರಜೆ ಮಾಡಿತು. ಅಂದು ಫುಟ್‌ಬಾಲ್ ಪಂದ್ಯ ಇರುತ್ತದೆ, ನಾಟಕಶಾಲೆಗಳಲ್ಲಿ ಪ್ಯಾಂಟೊಮೈಮ್ ಎಂಬ ಹಾಡು-ಹಾಸ್ಯದ ನಾಟಕ ಇರುತ್ತದೆ. ಮನೆಯಲ್ಲಿ ಮಾತ್ರ ಹೊಸ ಅಡುಗೆ ಇಲ್ಲ. ಹಿಂದಿನ ದಿನ ಉಳಿದ ಟರ್ಕಿಯನ್ನು ಚೂರು ಮಾಡಿ ಈರುಳ್ಳಿ, 'ಕರಿ ಪೌಡರ್' ಎಂಬ ಮಸಾಲೆ ಪುಡಿ ಹಾಕಿ ಬೇಯಿಸುತ್ತಾರೆ. ತಣ್ಣಗಾದ ಮಾಂಸವನ್ನು ಹೀಗೆ ಮುಗಿಸುವುದನ್ನು ವಿಕ್ಟೋರಿಯಾ ಕಾಲದ ಅಡುಗೆ ಪುಸ್ತಕಗಳೇ ಹೇಳಿಕೊಟ್ಟಿದ್ದವು.