ಅರ್ಧ ಕೆಜಿ ಕಬ್ಬಿಣದ ಕಾಟ: ಪಿಸ್ತೂಲಿನ ತೋಟೆಯ ಕಾರ್ಬೈನ್ ಪಂದ್ಯಕ್ಕಿಳಿದ ಕಥೆ

ನಮ್ಮ ಕಡೆ ಕಾರ್ಬೈನ್ ಅಂದ ತಕ್ಷಣ ನೆನಪಾಗುವುದು ಯಾರೋ ದೊಡ್ಡವರ ಅಂಗರಕ್ಷಕನ ಹೆಗಲಲ್ಲಿ ನೇತಾಡುವ, ಪಕ್ಕಕ್ಕೆ ಮ್ಯಾಗಜೀನ್ ಚಾಚಿಕೊಂಡ ಕಪ್ಪು ಬಂದೂಕು. ಬ್ರಿಟಿಷರ ಸ್ಟರ್ಲಿಂಗ್ ಅದು. ಕಾನ್ಪುರದಲ್ಲಿ ತಯಾರಾಗಿ, 9 ಎಂಎಂ ಕಾರ್ಬೈನ್ ಎಂಬ ಹೆಸರಲ್ಲಿ ನಮ್ಮ ಸೈನಿಕರ, ಪೊಲೀಸರ ಕೈಗೆ ಬಂತು. ಅದನ್ನು ಸ್ಟೆನ್‌ಗನ್ ಅಂತಲೇ ಕರೆಯುವವರು ಜಾಸ್ತಿ. ಅದರ ಹೊಟ್ಟೆಗೆ ಹೋಗುವುದು ರೈಫಲ್ಲಿನ ಉದ್ದನೆಯ ತೋಟೆಯಲ್ಲ, ಪಿಸ್ತೂಲಿನ ಗಿಡ್ಡ ತೋಟೆ.

ಅದೇ ಗಿಡ್ಡ ತೋಟೆ ತಿನ್ನುವ ಕಾರ್ಬೈನ್ ಅಮೆರಿಕದಲ್ಲಿ ಇವತ್ತು ಆಟದ ಸಾಮಾನು. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಈಡು, ಸ್ಟೆನ್‌ನ ಹಾಗೆ ದಡದಡ ಹಾರುವುದಿಲ್ಲ. ಇದಕ್ಕೆ ಪಿಸ್ಟಲ್ ಕ್ಯಾಲಿಬರ್ ಕಾರ್ಬೈನ್, ಚುಟುಕಾಗಿ ಪಿಸಿಸಿ ಅನ್ನುತ್ತಾರೆ. ವಾರದ ಕೊನೆಯಲ್ಲಿ ಟೈಮರ್ ಕೂಗಿದ ಕೂಡಲೇ ಓಡುತ್ತಾ, ಬಾಗುತ್ತಾ, ಗೋಡೆಯ ಸಂದಿಯಿಂದ ಇಣುಕುತ್ತಾ ಹೊಡೆಯುವ ಪಂದ್ಯ. ಇದಕ್ಕಾಗಿ ಸಾವಿರಾರು ಡಾಲರ್ ಸುರಿದು ಬಂದೂಕನ್ನು ಹದ ಮಾಡಿಕೊಳ್ಳುವವರಿದ್ದಾರೆ. ಹಾಗೆ ಸುರಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸಿದರೆ ಬಹುಪಾಲು ಒಂದೇ ಕಡೆ ಬಂದು ನಿಲ್ಲುತ್ತೇವೆ. ಬಂದೂಕಿನೊಳಗೆ ಹಿಂದೆ ಮುಂದೆ ಓಡಾಡುವ ಅರ್ಧ ಕೆಜಿಗೂ ಮೀರಿದ ಒಂದು ಕಬ್ಬಿಣದ ಗಟ್ಟಿ, ಅದರ ಕಾಟ. ಅದು ಅಲ್ಲಿಗೆ ಬಂದು ಕೂತದ್ದು ಪಂದ್ಯಕ್ಕಾಗಿ ಅಲ್ಲವೇ ಅಲ್ಲ.

ಕೈಬಂದೂಕಿಗೂ ಉದ್ದ ಬಂದೂಕಿಗೂ ಒಂದೇ ತೋಟೆ ಎಂಬ ಯೋಚನೆ ಹಳೆಯದು. ವಿಂಚೆಸ್ಟರ್ ಕಂಪನಿ 1873ರಲ್ಲಿ ಸನ್ನೆ ಎಳೆದು ಹೊಡೆಯುವ ತನ್ನ ಹೆಸರಾಂತ ಬಂದೂಕನ್ನು .44-40 ಎಂಬ ತೋಟೆಯ ಜೊತೆ ಹೊರತಂದಿತು. ಐದು ವರ್ಷ ಬಿಟ್ಟು ಕೋಲ್ಟ್ ಕಂಪನಿ ಅದೇ ತೋಟೆಗೆ ರಿವಾಲ್ವರ್ ಮಾಡಿತು. ಸೊಂಟದಲ್ಲೊಂದು, ಕುದುರೆಯ ಜೀನಿನಲ್ಲೊಂದು, ಎರಡಕ್ಕೂ ಒಂದೇ ಪಟ್ಟಿಯ ತೋಟೆ. ದನ ಕಾಯುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆದರೆ ಆ ಬಂದೂಕಿನಲ್ಲಿ ನಳಿಗೆಯ ಹಿಂಬದಿ ಕೀಲುಗಳಿಂದ ಭದ್ರವಾಗಿ ಮುಚ್ಚಿರುತ್ತಿತ್ತು. ಓಡಾಡುವ ಕಬ್ಬಿಣದ ಗಟ್ಟಿ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಯುದ್ಧದ ಅವಸರದಲ್ಲಿ. 1918ರಲ್ಲಿ ಜರ್ಮನರು ಕಂದಕದ ಕಾದಾಟಕ್ಕೆ ಅಂತ ಎಂಪಿ-18 ಮಾಡಿದರು. ಪಿಸ್ತೂಲಿನ ತೋಟೆ, ಎಡೆಬಿಡದೆ ಹಾರುವ ಗುಂಡು. ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಬ್ರಿಟಿಷರು ಸ್ಟೆನ್ ಮಾಡಿದರು. ಕೊಳವೆ, ತಗಡು, ಬೆಸುಗೆ, ಅಷ್ಟೇ. ಸಣ್ಣಪುಟ್ಟ ವರ್ಕ್‌ಶಾಪ್‌ಗಳಲ್ಲೂ ಅದರ ಬಿಡಿಭಾಗ ತಯಾರಾಗುತ್ತಿದ್ದವು. ಇಷ್ಟು ಅಗ್ಗವಾಗಲು ಕಾರಣ ಬ್ಲೋಬ್ಯಾಕ್ ಎಂಬ ಸರಳ ಏರ್ಪಾಡು. ಇದರಲ್ಲಿ ನಳಿಗೆಯ ಹಿಂಬದಿಗೆ ಬೀಗವೇ ಇಲ್ಲ. ಬೋಲ್ಟ್ ಎಂಬ ಆ ಭಾರದ ಕಬ್ಬಿಣದ ಗಟ್ಟಿ ಒಂದು ಸ್ಪ್ರಿಂಗಿನ ಬಲದಲ್ಲಿ ಸುಮ್ನೆ ಒತ್ತಿಕೊಂಡು ನಿಂತಿರುತ್ತದೆ. ಮದ್ದು ಸಿಡಿದಾಗ ಗುಂಡು ಮುಂದಕ್ಕೆ, ಬೋಲ್ಟ್ ಹಿಂದಕ್ಕೆ. ಬೋಲ್ಟ್ ಭಾರವಿರುವುದರಿಂದ ನಿಧಾನವಾಗಿ ಸರಿಯುತ್ತದೆ. ಅದು ಬಾಯಿ ತೆರೆಯುವಷ್ಟರಲ್ಲಿ ಗುಂಡು ನಳಿಗೆ ದಾಟಿರುತ್ತದೆ. ಬಾಗಿಲಿಗೆ ಚಿಲಕ ಹಾಕುವ ಬದಲು ಒರಳುಕಲ್ಲು ಒತ್ತಿ ಇಟ್ಟ ಹಾಗೆ.

ಲೆಕ್ಕ ಹಾಕಿ ನೋಡಿ. 9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಬೋಲ್ಟು, ಅದರ ಹಿಂದೆ ಜೊತೆಗೇ ಓಡುವ ಬಫರ್ ಎಂಬ ತುಂಡು ಸೇರಿ 650 ಗ್ರಾಂ ಅಂತ ಇಟ್ಟುಕೊಳ್ಳೋಣ. ಅಷ್ಟೂ ಭಾರ ಸೆಕೆಂಡಿಗೆ 4 ಮೀಟರಿಗೂ ಜಾಸ್ತಿ ವೇಗದಲ್ಲಿ ಹಿಂದಕ್ಕೆ ನುಗ್ಗಿ, ಹೆಗಲಿಗೆ ಆನಿಸುವ ಬಟ್‌ನೊಳಗೆ ಧಡ್ ಅಂತ ಹೊಡೆದು, ಮತ್ತೆ ಮುಂದಕ್ಕೆ ಚಿಮ್ಮಿ ಇನ್ನೊಂದು ಸಲ ಧಡ್ ಅನ್ನುತ್ತದೆ. ಒಂದು ಈಡಿಗೆ ಎರಡು ಗುದ್ದು. ಸ್ಟೆನ್‌ನಂಥ ಬಂದೂಕಿನಲ್ಲಿ ಬೋಲ್ಟ್ ಹಿಂದಿನಿಂದ ಓಡಿ ಬರುತ್ತಲೇ ತೋಟೆ ಸಿಡಿಯುತ್ತದೆ, ಆ ಓಟ ಒದೆತವನ್ನು ಸ್ವಲ್ಪ ನುಂಗುತ್ತದೆ. ಪಂದ್ಯದ ಕಾರ್ಬೈನಿನಲ್ಲಿ ಬೋಲ್ಟ್ ಮೊದಲೇ ಮುಚ್ಚಿ ಕೂತಿರುತ್ತದೆ. ಆ ಸಹಾಯವೂ ಇಲ್ಲ. ಹಾಗಾಗಿ ಇಲ್ಲಿ ಬೋಲ್ಟ್ ಇನ್ನೂ ಭಾರ ಇರಬೇಕು.

ಕಾರ್ಬೈನಿನ ಆಕಾರ ನಿರ್ಧಾರವಾದದ್ದು ಮಾತ್ರ ಕಾರ್ಖಾನೆಯಲ್ಲಲ್ಲ, ಕಾನೂನಿನ ಪುಸ್ತಕದಲ್ಲಿ. 1934ರಲ್ಲಿ ಅಮೆರಿಕ ಕೆಲವು ಬಗೆಯ ಬಂದೂಕುಗಳಿಗೆ ನೋಂದಣಿ, ತೆರಿಗೆ ಹೇರುವ ರಾಷ್ಟ್ರೀಯ ಬಂದೂಕು ಕಾಯ್ದೆ ತಂದಿತು. ಮೊದಲ ಕರಡಿನಲ್ಲಿ ಪಿಸ್ತೂಲು, ರಿವಾಲ್ವರುಗಳೂ ಇದ್ದವು. ರೈಫಲ್ಲಿನ ನಳಿಗೆ ಕತ್ತರಿಸಿ ಪಿಸ್ತೂಲಿನಂತೆ ಬಚ್ಚಿಟ್ಟುಕೊಳ್ಳಬಾರದು ಅಂತ ಗಿಡ್ಡ ರೈಫಲ್ಲನ್ನೂ ಸೇರಿಸಿದರು. ವಿರೋಧ ಬಂತು, ಪಿಸ್ತೂಲನ್ನು ಕೈಬಿಟ್ಟರು. ಗಿಡ್ಡ ರೈಫಲ್ ಮಾತ್ರ ಅಲ್ಲೇ ಉಳಿದುಬಿಟ್ಟಿತು. ಮದುಮಗ ಎದ್ದು ಹೋದಮೇಲೂ ಚಪ್ಪರ ನಿಂತಿದ್ದ ಹಾಗೆ, ಅಲ್ವಾ? ಮೊದಲು 18 ಇಂಚು ಇದ್ದ ಮಿತಿ 1960ರಲ್ಲಿ 16ಕ್ಕೆ ಇಳಿಯಿತು. ಅದಕ್ಕಿಂತ ಗಿಡ್ಡ ನಳಿಗೆ ಬೇಕೆಂದರೆ ನೋಂದಣಿ ಆಗಬೇಕು, 2025ರ ಕೊನೆಯವರೆಗೆ 200 ಡಾಲರ್ ತೆರಿಗೆಯನ್ನೂ ಕಟ್ಟಬೇಕಿತ್ತು. ಆದ್ದರಿಂದಲೇ ಅಲ್ಲಿ ಮಾರಾಟಕ್ಕಿರುವ ಪಿಸಿಸಿಗಳಲ್ಲಿ ಬಹುಪಾಲಿನ ನಳಿಗೆ 16 ಇಂಚು. 9 ಎಂಎಂ ತೋಟೆಗೆ ಅಷ್ಟು ಉದ್ದ ಬೇಕಾಗಿಲ್ಲ. ಅದರ ಚಿಟಿಕೆ ಮದ್ದು ಅದಕ್ಕೆ ಮೊದಲೇ ಉರಿದು ಮುಗಿದಿರುತ್ತದೆ. ಕೆಲವು ತಯಾರಕರು ಗಿಡ್ಡ ನಳಿಗೆಯ ತುದಿಗೆ ಹಗುರವಾದ ಕೊಳವೆಯನ್ನು ಶಾಶ್ವತವಾಗಿ ಬೆಸೆದು 16 ಇಂಚಿನ ಲೆಕ್ಕ ತುಂಬಿಸುತ್ತಾರೆ. ಕಾನೂನಿಗೂ ಸೈ, ಮೂತಿಯೂ ಹಗುರ.

ಪಂದ್ಯ ಹುಟ್ಟುವ ಮೊದಲು ಈ ಜಾತಿಯ ಬಂದೂಕಿಗೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ. 1985ರಲ್ಲಿ ಮಾರ್ಲಿನ್ ಕಂಪನಿ ಕ್ಯಾಂಪ್ ಕಾರ್ಬೈನ್ ತಂದು 1999ರವರೆಗೆ ಮಾರಿತು. ಹೆಸರೇ ಹೇಳುವ ಹಾಗೆ ಟೆಂಟಿನ ಪಕ್ಕ ಇಟ್ಟುಕೊಳ್ಳುವ ಸಾಧು ಬಂದೂಕು. ಅದರೊಳಗೆ ಬೋಲ್ಟಿನ ಗುದ್ದು ತಡೆಯಲು ಒಂದು ಪ್ಲಾಸ್ಟಿಕ್ ಬಫರ್ ಇತ್ತು. ವರ್ಷ ಕಳೆದಂತೆ ಅದು ಪುಡಿಪುಡಿಯಾಗುತ್ತಿತ್ತು, ಆಮೇಲೆ ಮರದ ಬಟ್ ಬಿರುಕು ಬಿಡುತ್ತಿತ್ತು. ರೂಗರ್ ಕಂಪನಿ 1996ರಲ್ಲಿ ಪೊಲೀಸರನ್ನು ಮನಸ್ಸಿನಲ್ಲಿಟ್ಟು ಒಂದು ಕಾರ್ಬೈನ್ ಮಾಡಿ ಹತ್ತು ವರ್ಷಕ್ಕೆ ನಿಲ್ಲಿಸಿತು. ಪೊಲೀಸರಿಗೆ ಅಷ್ಟರಲ್ಲಿ ನಿಜವಾದ ರೈಫಲ್ಲೇ ಬೇಕೆನಿಸಿತ್ತು.

ಇನ್ನು ಪಂದ್ಯದ ಕಡೆಗೆ ಬರೋಣ. 1976ರಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಪಿಸ್ತೂಲು ಕಲಿಸುತ್ತಿದ್ದ ಜೆಫ್ ಕೂಪರ್ ಮುಂದಾಳುತನದಲ್ಲಿ ಇಂಥ ಪಂದ್ಯ ನಡೆಸುವ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಅದರ ಅಮೆರಿಕದ ಶಾಖೆ ಯುಎಸ್‌ಪಿಎಸ್‌ಎ. ಕೊಡಗಿನ ಕೈಲ್ ಮುಹೂರ್ತದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿದವರಿಗೆ ಇದು ಬೇರೆಯೇ ಆಟ ಅನ್ನಿಸುತ್ತದೆ. ಅಲ್ಲಿ ಉಸಿರು ಹಿಡಿದು, ಸಮಾಧಾನವಾಗಿ ಒಂದು ಈಡು. ಇಲ್ಲಿ ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸುತ್ತಾರೆ. ಆ ಭಾಗಲಬ್ಧಕ್ಕೆ ಹಿಟ್ ಫ್ಯಾಕ್ಟರ್ ಎಂದು ಹೆಸರು.

ಇಡೀ ವಿಷಯದ ಕೀಲಿ ಈ ಭಾಗಾಕಾರದಲ್ಲಿದೆ. ಗುರಿಹಲಗೆಯ ನಡುವಿನ ಎ ವಲಯಕ್ಕೆ 5 ಅಂಕ. ಪಕ್ಕದ ಸಿ ವಲಯಕ್ಕೆ, ಕಾರ್ಬೈನಿನವರಿಗೆ, 3. ದೊಡ್ಡ ತೋಟೆ ಹೊಡೆದರೂ ಬಿರುಸಿನ ತೋಟೆಗೆ ಕೊಡುವ ಹೆಚ್ಚಿನ ಅಂಕ, ಅಂದರೆ ಮೇಜರ್, ಪಿಸಿಸಿಗೆ ಸಿಗುವುದಿಲ್ಲ, ಎಲ್ಲರೂ ಕಡಿಮೆ ಅಂಕದ ಮೈನರ್. 24 ಗುಂಡಿನ ಒಂದು ಸುತ್ತಿಗೆ 120 ಅಂಕ. ಅದನ್ನು 10 ಸೆಕೆಂಡಿನಲ್ಲಿ ಮುಗಿಸಿದರೆ ಹಿಟ್ ಫ್ಯಾಕ್ಟರ್ 12. ಆ ಮಟ್ಟದಲ್ಲಿ ಎ ತಪ್ಪಿ ಸಿ ಹೊಡೆದರೆ ಹೋಗುವ 2 ಅಂಕದ ಬೆಲೆ ಒಂದು ಸೆಕೆಂಡಿನ ಆರನೇ ಒಂದು ಭಾಗ. ಗುರಿ ಹಿಡಿಯುವ ಕನ್ನಡಿಯಲ್ಲಿ ಕಾಣುವ ಕೆಂಪು ಚುಕ್ಕಿ ಒಂದು ಸಲ ಕುಣಿದು ಮತ್ತೆ ನಿಲ್ಲುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಬೋಲ್ಟಿನ ಗುದ್ದನ್ನು ಪಳಗಿಸಲು ಜನ ಯಾಕೆ ಒದ್ದಾಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ಯುಎಸ್‌ಪಿಎಸ್‌ಎ 2016ರಲ್ಲಿ ಪ್ರಾಯೋಗಿಕವಾಗಿ ಪಿಸಿಸಿಗೆ ಬೇರೆ ವಿಭಾಗ ಮಾಡಿತು. ಒಳ್ಳೆಯ ಕಾರಣಗಳಿದ್ದವು. ಪಿಸ್ತೂಲಿನ ಮೈದಾನ, ಉಕ್ಕಿನ ತಟ್ಟೆ, ತೋಟೆ ಎಲ್ಲ ಇದ್ದದ್ದೇ ಸಾಕು. ರೈಫಲ್ಲಿನ ಗುಂಡು ಹತ್ತಿರದಿಂದ ಬಿದ್ದರೆ ಉಕ್ಕಿನ ತಟ್ಟೆಗೆ ಗುಳಿ ಬೀಳುತ್ತದೆ, 9 ಎಂಎಂಗೆ ಆ ತೊಂದರೆ ಇಲ್ಲ. ಮಣಿಕಟ್ಟು ನೋಯುವ ಹಿರಿಯರು, ಪಿಸ್ತೂಲು ಇನ್ನೂ ಕೈಗೆ ಒಗ್ಗದ ಹೊಸಬರು, ಹುಡುಗರು ಹೆಗಲಿಗೆ ಆನಿಸಿ ಆರಾಮಾಗಿ ಹೊಡೆಯಬಹುದು. ಪಿಸ್ತೂಲಿನ ಪಂದ್ಯಕ್ಕೆ ಇದ್ಯಾಕೆ ಬಂತು ಅಂತ ಗೊಣಗಿದವರೂ ಇದ್ದರು. ಹೋಲ್‌ಸ್ಟರಿನಿಂದ ಎಳೆಯುವ ಕಷ್ಟವೇ ಇಲ್ಲದ ಆಟ ಎಂಥ ಆಟ ಎಂಬುದು ಅವರ ತಕರಾರು. ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ಬಹುಮಾನ ಆಯಾ ವಿಭಾಗದೊಳಗೇ ಅಂದಮೇಲೆ ಯಾರ ಊಟವನ್ನು ಯಾರು ಕಿತ್ತುಕೊಂಡರು?

ವಿಭಾಗ ಬಂದದ್ದೇ ತಡ, ಹಳೆಯ ಕಾಟಕ್ಕೆ ಹೊಸ ಮದ್ದು ಹುಡುಕುವ ಪೈಪೋಟಿ ಶುರು. ಮೊದಮೊದಲು ಹೆಚ್ಚಿನವರು ಹಿಡಿದದ್ದು ಎಆರ್-15 ಎಂಬ ಅಮೆರಿಕದ ಜನಪ್ರಿಯ ರೈಫಲ್ಲಿನ ಮೈಕಟ್ಟಿನ, ಗ್ಲಾಕ್ ಪಿಸ್ತೂಲಿನ ಮ್ಯಾಗಜೀನ್ ಹಾಕುವ ಬ್ಲೋಬ್ಯಾಕ್ ಕಾರ್ಬೈನ್. ಅದರ ಬಟ್‌ನೊಳಗಿನ ಕೊಳವೆ ಮಾಡಿದ್ದು ಉದ್ದನೆಯ ರೈಫಲ್ ತೋಟೆಗಾಗಿ. ಗಿಡ್ಡ ತೋಟೆಗೆ ಬೋಲ್ಟ್ ಅಷ್ಟು ದೂರ ಹಿಂದೆ ಹೋಗಬೇಕಾಗಿಲ್ಲ. ಹೋದರೆ ಸುಮ್ನೆ ಜಾಸ್ತಿ ಓಟ, ಜಾಸ್ತಿ ಗುದ್ದು, ಬೋಲ್ಟ್ ತಡೆಯುವ ಕೊಂಡಿಯೂ ಮುರಿಯುತ್ತದೆ. ಇದಕ್ಕೆ ಅಮೆರಿಕದವರು ಕಂಡುಕೊಂಡ ನಾಟಿ ಉಪಾಯ ನನಗೆ ಬಹಳ ಇಷ್ಟ. ಕಾಲು ಡಾಲರಿನ ಕೆಲವು ನಾಣ್ಯಗಳನ್ನು ಆ ಕೊಳವೆಯ ತಳಕ್ಕೆ ಹಾಕಿಬಿಡುವುದು! ನಾಣ್ಯದ ಅಗಲ ಕೊಳವೆಗೆ ಸರಿಯಾಗಿ ಕೂರುತ್ತದೆ. ಕಂಪನಿಗಳು ಆಮೇಲೆ ಇದೇ ಕೆಲಸಕ್ಕೆ ಉದ್ದನೆಯ ಬಫರನ್ನೂ ಸ್ಪೇಸರನ್ನೂ ಮಾರತೊಡಗಿದವು, ನಾಣ್ಯಕ್ಕಿಂತ ತುಂಬಾ ದುಬಾರಿಗೆ.

ಬಫರಿನ ತೂಕ ಇನ್ನೊಂದು ಆಟ. ಭಾರ ಹಾಕಿದರೆ ಬೋಲ್ಟ್ ನಿಧಾನವಾಗುತ್ತದೆ, ಹಿಂದಿನ ಗುದ್ದು ಮೆತ್ತಗಾಗುತ್ತದೆ, ಆದರೆ ಮುಂದಕ್ಕೆ ಬಂದು ಮುಚ್ಚುವಾಗ ಮೂತಿ ಕೆಳಗೆ ಅದ್ದುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಈ ಅದ್ದುವಿಕೆ ಇನ್ನೂ ಜಾಸ್ತಿ. ತೀರಾ ಹಗುರ ಮಾಡಿದರೆ ಮದ್ದಿನ ಒತ್ತಡ ಇಳಿಯುವ ಮೊದಲೇ ಬೋಲ್ಟ್ ತೆರೆದು ತೋಟೆಯ ಹಿತ್ತಾಳೆ ಕವಚ ಉಬ್ಬಿ ಒಡೆಯಬಹುದು. ಇದು ಹುಡುಗಾಟವಲ್ಲ, ಮುಖದ ಹತ್ತಿರದ ವಿಷಯ. ಹಾಗಾಗಿ ತಯಾರಕರು ಹೇಳಿದ ತೂಕಕ್ಕಿಂತ ಕೆಳಗೆ ಇಳಿಯಬಾರದು. 2017ರ ಕೊನೆಯಲ್ಲಿ ರೂಗರ್ ಮತ್ತೆ ಕಾರ್ಬೈನ್ ತಂದಾಗ ಬೋಲ್ಟಿನೊಳಗೇ ಟಂಗ್‌ಸ್ಟನ್ನಿನ ಒಂದು ತುಂಡನ್ನು ಜಾರಲು ಬಿಟ್ಟಿತ್ತು. ಬೋಲ್ಟ್ ನಿಂತ ಮೇಲೆ ಆ ತುಂಡು ತಡವಾಗಿ ಬಂದು ತಾಗಿ ಪುಟಿತವನ್ನು ಸಾಯಿಸುತ್ತದೆ. ಅದೇ ಕಾರ್ಬೈನಿನ ಮ್ಯಾಗಜೀನ್ ಗೂಡನ್ನು ಬದಲಿಸಿ ಗ್ಲಾಕ್ ಮ್ಯಾಗಜೀನನ್ನೂ ಹಾಕಬಹುದು. 1873ರ ದನಗಾಹಿಯ ಲೆಕ್ಕಾಚಾರವೇ.

ಇನ್ನು ಕೆಲವರು ಕಬ್ಬಿಣದ ಗಟ್ಟಿಯನ್ನು ಪಳಗಿಸುವ ಬದಲು ಓಡಿಸಿಯೇ ಬಿಟ್ಟರು. ಸಿಗ್ ಕಂಪನಿಯ ಎಂಪಿಎಕ್ಸ್‌ನಲ್ಲಿ ಬೋಲ್ಟಿಗೆ ನಿಜವಾದ ಬೀಗವಿದೆ, ಮದ್ದಿನ ಅನಿಲ ಅದನ್ನು ತೆರೆಯುತ್ತದೆ. ಹೆಕ್ಲರ್ ಆಂಡ್ ಕಾಕ್ ಕಂಪನಿಯ ಎಂಪಿ5 1960ರ ದಶಕದಿಂದಲೂ ಎರಡು ಉರುಳೆಗಳಿಂದ ಬೋಲ್ಟನ್ನು ತಡಮಾಡಿಸುತ್ತದೆ. ಆ ಉರುಳೆಯ ಯೋಚನೆಯನ್ನೇ ಜೆಪಿ ಕಂಪನಿ ಪಂದ್ಯದ ಕಾರ್ಬೈನಿಗೆ ತಂದಿತು. ಸಿಎಂಎಂಜಿ ಕಂಪನಿಯದು ಬೋಲ್ಟ್ ತಿರುಗುತ್ತಾ ತಡವಾಗುವ ಬೇರೆ ದಾರಿ. ಇವುಗಳಲ್ಲೆಲ್ಲ ಬೋಲ್ಟ್ ಹಗುರ, ಕುಣಿತ ಕಡಿಮೆ. ಬೆಲೆ ಮಾತ್ರ ಹಗುರವಲ್ಲ. ಬಿಡಿಭಾಗ ಜಾಸ್ತಿ, ಒರೆಸಿ ಶುಚಿ ಮಾಡುವ ಕೆಲಸವೂ ಜಾಸ್ತಿ.

ಮೂತಿ ಮೇಲೇಳದಂತೆ ಅದರ ತುದಿಗೆ ಹಾಕುವ ಕಾಂಪೆನ್ಸೇಟರಿನ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಅದು ಕೆಲಸ ಮಾಡುವುದು ಹೊರಬರುವ ಅನಿಲದ ರಭಸದಿಂದ. 16 ಇಂಚು ದಾಟಿ ಬರುವಷ್ಟರಲ್ಲಿ 9 ಎಂಎಂ ಮದ್ದಿನ ರಭಸ ಇಳಿದಿರುತ್ತದೆ. ಬಹಳ ಸಲ ಉಪಯೋಗಕ್ಕೆ ಬರುವುದು ಅದರ ತೂಕವೇ. ತೋಟೆಯ ಆಯ್ಕೆ ಅದಕ್ಕಿಂತ ಮುಖ್ಯ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ಅಳೆದು, ಗುಣಿಸಿ, ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಅದು ಕನಿಷ್ಠ 125 ಇರಬೇಕು. 147 ಗ್ರೇನಿನ ಗುಂಡು 880 ಅಡಿ ವೇಗದಲ್ಲಿ ಹೋದರೆ 129. ಸಾಕು. ಅದಕ್ಕಿಂತ ಬಿರುಸಿನ ತೋಟೆ ಹಾಕಿದರೆ ಬೋಲ್ಟಿಗೆ ಇನ್ನಷ್ಟು ಕೊಬ್ಬು, ಅಂಕ ಮಾತ್ರ ಅಷ್ಟೇ.

ಹೊಸಬರು ಮೋಸ ಹೋಗುವುದು ಇನ್ನೊಂದು ಕಡೆ. ಎಆರ್ ಮೈಕಟ್ಟಿನಲ್ಲಿ ಕೆಂಪು ಚುಕ್ಕಿಯ ಕನ್ನಡಿ ನಳಿಗೆಗಿಂತ ಸುಮಾರು 6.5 ಸೆಂ.ಮೀ. ಮೇಲಿರುತ್ತದೆ. 25 ಮೀಟರಿಗೆ ಗುರಿ ಹೊಂದಿಸಿದ್ದರೆ 5 ಮೀಟರಿನಲ್ಲಿ ಗುಂಡು ಚುಕ್ಕಿಗಿಂತ 5 ಸೆಂ.ಮೀ. ಕೆಳಗೆ ಬೀಳುತ್ತದೆ. ಗುರಿಹಲಗೆಯ ತಲೆಯಲ್ಲಿರುವ ಎ ವಲಯದ ಎತ್ತರವೇ 5 ಸೆಂ.ಮೀ. ನಟ್ಟನಡುವೆ ಚುಕ್ಕಿ ಇಟ್ಟು ಹೊಡೆದವನು ಸಿ ವಲಯದ ಅಂಕ ನೋಡಿ ಬಂದೂಕನ್ನೇ ಬೈಯುತ್ತಾನೆ. ಹತ್ತಿರದ ಗುರಿಗೆ ಮೇಲೆ ಹಿಡಿಯಬೇಕು, ಅಷ್ಟೇ. ಇದಕ್ಕೆ ಯಾವ ಬಿಡಿಭಾಗವೂ ಬೇಡ.

ಹಾಗಾದರೆ ಯಾವುದನ್ನು ಕೊಳ್ಳುವುದು? ಕೈಯಲ್ಲಿರುವ ಪಿಸ್ತೂಲಿನ ಮ್ಯಾಗಜೀನ್ ಯಾವುದು ಅಂತ ಮೊದಲು ನೋಡಬೇಕು. ಸಾವಿರ ತೋಟೆಗೆ ಒಂದೂ ಸಿಕ್ಕಿಕೊಳ್ಳದೆ ಓಡುತ್ತದೆಯೇ ಅಂತ ಆಮೇಲೆ. ಒಂದು ಸಲ ಸಿಕ್ಕಿಕೊಂಡರೆ ಮೂರು ನಾಲ್ಕು ಸೆಕೆಂಡು ಹೋಯಿತು, ಒಂದು ವರ್ಷದ ಹದ ಮಾಡುವ ಕೆಲಸ ನೀರಲ್ಲಿ ಹೋಮ. ಬಟ್‌ನ ಉದ್ದ ಹೆಗಲಿಗೆ ಹೊಂದಬೇಕು. ಬ್ಲೋಬ್ಯಾಕ್ ಆದರೆ ಟ್ರಿಗರ್ ಆ ಬೋಲ್ಟಿನ ಪೆಟ್ಟು ತಡೆಯುವಂಥದ್ದಾಗಿರಬೇಕು, ರೈಫಲ್ಲಿಗೆ ಮಾಡಿದ ನಾಜೂಕು ಟ್ರಿಗರ್ ಇಲ್ಲಿ ಬೇಗ ಸೋಲುತ್ತದೆ. ನಮ್ಮ ದೇಶದಲ್ಲಿ ಕೂತು ಓದುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿ 9 ಎಂಎಂ ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗುವುದಲ್ಲ. ಅಮೆರಿಕದಲ್ಲಿ ನೆಲೆಸಿ ಈ ಆಟಕ್ಕೆ ಬಿದ್ದ ಕನ್ನಡಿಗರಿಗೆ ಮಾತ್ರ ಇದು ಜೇಬಿನ ಪ್ರಶ್ನೆ.

ಅಲ್ಲಿ ಲೆಕ್ಕ ಈಗ ಮತ್ತೆ ಸ್ವಲ್ಪ ಬದಲಾಗಿದೆ. 2025ರಲ್ಲಿ ಸಹಿಯಾದ ಕಾನೂನಿನಂತೆ 2026ರ ಜನವರಿ 1ರಿಂದ ಗಿಡ್ಡ ರೈಫಲ್ಲಿನ 200 ಡಾಲರ್ ತೆರಿಗೆ ಸೊನ್ನೆಯಾಗಿದೆ. ನೋಂದಣಿ ಹಾಗೇ ಉಳಿದಿದೆ. ಪಕ್ಕದ ರಾಜ್ಯದ ಪಂದ್ಯಕ್ಕೆ ಆ ಗಿಡ್ಡ ಕಾರ್ಬೈನ್ ಒಯ್ಯಬೇಕೆಂದರೆ ಮೊದಲೇ ಕೇಂದ್ರ ಇಲಾಖೆಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. 16 ಇಂಚಿನದ್ದಕ್ಕೆ ಆ ಅರ್ಜಿ ಬೇಡ.