ಗಾದೆ ಹೇಳಿದ್ದು ಯಾರು, ಯಾರಿಗೆ?

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವ ಗಂಡ ಹೆಂಡತಿ ಜೊತೆ ಸಾಮಾನ್ಯವಾಗಿ ಮನೆಯ ಹಿರಿಯರೊಬ್ಬರು ಬಂದಿರುತ್ತಾರೆ. ವಿಷಯ ಇನ್ನೂ ಹೊರಗೇ ಬಂದಿರುವುದಿಲ್ಲ, ಅಷ್ಟರಲ್ಲಿ ಅವರು ಹೇಳಿಬಿಡುತ್ತಾರೆ: 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.' ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಸಂಸಾರ ಉಳಿಯಲಿ ಅನ್ನುವ ಆಸೆ ಅಷ್ಟೆ. ಆದರೆ ಆ ಮಾತು ಬಿದ್ದ ಕೂಡಲೇ ಹೇಳಿಕೊಳ್ಳಲು ಬಂದ ಹೆಣ್ಣುಮಗಳು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಆ ಗಾದೆ ಇರುವುದು ಸಣ್ಣಪುಟ್ಟ ಮುನಿಸಿಗೆ. ಅವರಿಬ್ಬರೂ ಸರಿಹೋಗುತ್ತಾರೆ, ನಡುವೆ ಹೋಗಿ ಕಡ್ಡಿ ಆಡಿಸಬೇಡಿ ಅಂತ ಅದು ಮೂರನೆಯವರಿಗೆ ಹೇಳುತ್ತದೆ. ಹೊಡೆತ ತಿಂದವಳಿಗೆ ಹೇಳುವ ಮಾತು ಅದಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಕೈ ಮಾಡುವುದನ್ನು ಮಾತ್ರ ಹಿಂಸೆ ಅನ್ನುವುದಿಲ್ಲ. ಹೀಯಾಳಿಸುವುದು, ಮನೆಖರ್ಚಿಗೆ ಕೊಡದೆ ಸತಾಯಿಸುವುದು ಕೂಡ ಹಿಂಸೆಯೇ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬೇಕಾದವಳಿಗೆ ಉಂಡು ಮಲಗು ಅಂದರೆ ಅವಳು ಎಲ್ಲಿಗೆ ಹೋಗಬೇಕು?

ಇದೇ ಜಗಳದ ಬಗ್ಗೆ ಇನ್ನೊಂದು ಗಾದೆ ಇದೆ. 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು.' ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಆಗ ಮಾತಿನ ದಾರಿ ಬದಲಾಗುತ್ತದೆ. ಮಗು ರಾತ್ರಿ ಬೆಚ್ಚಿ ಏಳುವುದು, ಅಪ್ಪ ಬಂದ ಸದ್ದಾದರೆ ಒಳಗೆ ಓಡುವುದು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತದೆ.

ನಮ್ಮ ಗಾದೆಗಳು ಯಾವತ್ತೂ ಒಂದೇ ಕಡೆ ವಾಲಿಲ್ಲ. 'ತಾಳಿದವನು ಬಾಳಿಯಾನು' ಅಂದ ಜನವೇ 'ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು' ಅಂತಲೂ ಹೇಳಿದ್ದಾರೆ. 'ಮಾತು ಬೆಳ್ಳಿ, ಮೌನ ಬಂಗಾರ' ಅಂತ ಒಂದಿದ್ದರೆ, 'ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರು' ಅಂತ ಇನ್ನೊಂದು. ಎರಡೂ ನಿಜ, ಎರಡಕ್ಕೂ ಹೊತ್ತುಗೊತ್ತಿದೆ. ಆದರೆ ತಾಳು ಅನ್ನುವ ಗಾದೆ ಮನೆಯಲ್ಲಿ ಯಾವಾಗಲೂ ಒಬ್ಬರಿಗೇ ಬೀಳುತ್ತಿದ್ದರೆ, ಆ ಮನೆಯಲ್ಲಿ ಯಾರ ಕೈ ಮೇಲಿದೆ ಅನ್ನುವುದು ನನಗೆ ಅಲ್ಲೇ ಗೊತ್ತಾಗುತ್ತದೆ. 'ಒಂದೇ ಕೈಲಿ ಚಪ್ಪಾಳೆ ಆಗಲ್ಲ' ಅನ್ನುವುದೂ ಹಾಗೆಯೇ. ಪೆಟ್ಟು ತಿಂದವರ ತಲೆಗೂ ಅರ್ಧ ತಪ್ಪು ಕಟ್ಟಿಬಿಡುತ್ತದೆ.

ಗಾದೆಯನ್ನು ತನಗೆ ತಾನೇ ಹೇಳಿಕೊಂಡಾಗ ಅದರ ಗುಣವೇ ಬೇರೆ. ಮಗನ ಮೇಲೆ ದಿನಾ ರೇಗುತ್ತಿದ್ದ ತಂದೆಯೊಬ್ಬರು ಮಾರ್ಕ್ಸ್, ಮೊಬೈಲ್ ಅಂತ ಕಾರಣ ಕೊಡುತ್ತಲೇ ಇದ್ದರು. ಆಫೀಸಿನ ಮಾತು ಬಂದಾಗ ಸ್ವಲ್ಪ ಸುಮ್ಮನಾದರು. ಆಮೇಲೆ, 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಲ್ವಾ ಸಾರ್ ಇದು?' ಅಂದರು. ನಾನು ಅರ್ಧ ಗಂಟೆ ವಿವರಿಸಿದ್ದರೂ ಅಷ್ಟು ನೇರವಾಗಿ ತಾಗುತ್ತಿರಲಿಲ್ಲ. ಹೇಳಿದ್ದು ಅವರದೇ ಬಾಯಿ, ಆದ್ದರಿಂದ ವಾದಕ್ಕೆ ಜಾಗವೇ ಇರಲಿಲ್ಲ.

ಈಗ ಯಾರಾದರೂ ಇನ್ನೊಬ್ಬರಿಗೆ ಗಾದೆ ಹೇಳಿದರೆ ನಾನು ತಿದ್ದಲು ಹೋಗುವುದಿಲ್ಲ. 'ಇದನ್ನ ನಿಮಗೆ ಯಾರು ಹೇಳ್ತಿದ್ರು? ಆಗ ಏನಾಗಿತ್ತು?' ಅಂತ ಕೇಳುತ್ತೇನೆ. ಸೊಸೆಗೆ ತಾಳಿಕೋ ಅನ್ನುತ್ತಿದ್ದ ಅತ್ತೆ, ತಾನು ಹೊಸದಾಗಿ ಬಂದಾಗ ತಾಳಿಕೊಂಡಿದ್ದೇನು ಅಂತ ಹೇಳಲು ಶುರು ಮಾಡುತ್ತಾರೆ. ಸೊಸೆ ಅದನ್ನು ಕೇಳುತ್ತಿರುವುದು ಎಷ್ಟೋ ಸಲ ಅದೇ ಮೊದಲು.