ಎಕ್ವಡಾರ್: ಗೆರೆಯೊಂದರ ಹೆಸರು

ಸ್ಕೂಲಿನ ಗ್ಲೋಬ್‌ನ ನಡುವೆ ಸುತ್ತ ಒಂದು ಗೆರೆ ಇರುತ್ತಿತ್ತಲ್ಲ, ಸಮಭಾಜಕ ವೃತ್ತ? ಅದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಎಕ್ವದೋರ್’ ಎನ್ನುತ್ತಾರೆ. ಕೊಲಂಬಿಯಾ ಮತ್ತು ಪೆರುವಿನ ನಡುವೆ, ಪೆಸಿಫಿಕ್ ದಡದಲ್ಲಿರುವ ದೇಶಕ್ಕೂ ಅದೇ ಹೆಸರು. ಭೂಮಿಯ ಆಕಾರ ಅಳೆಯಲು 1736ರಲ್ಲಿ ಫ್ರೆಂಚ್ ವಿಜ್ಞಾನಿಗಳು ಬಂದದ್ದು ಇಲ್ಲಿಗೇ. 1830ರಲ್ಲಿ ಗ್ರಾನ್ ಕೊಲಂಬಿಯಾ ಎಂಬ ಆಗಿನ ದೊಡ್ಡ ದೇಶದಿಂದ ಬೇರೆಯಾದಾಗ ಹೊಸ ದೇಶ ಗೆರೆಯ ಹೆಸರನ್ನೇ ಇಟ್ಟುಕೊಂಡಿತು.

ಗೆರೆಯ ಮೇಲಿದೆ ಅಂದಮೇಲೆ ಸದಾ ಸೆಕೆ ಇರಬೇಕು, ಅಲ್ವಾ? ಇಲ್ಲೇ ಹೆಸರು ನಮ್ಮನ್ನು ಯಾಮಾರಿಸುವುದು. ರಾಜಧಾನಿ ಕೀಟೊ ಆಂಡೀಸ್ ಬೆಟ್ಟಗಳ ಮೇಲೆ, ಸುಮಾರು 2,850 ಮೀಟರ್ ಎತ್ತರದಲ್ಲಿದೆ. ರಾತ್ರಿ ಸ್ವೆಟರ್ ಬೇಕೇ ಬೇಕು. ಬಿಸಿಲು ಮಾತ್ರ ಚುರುಕು, ಚರ್ಮ ಬೇಗ ಸುಡುತ್ತದೆ. ಕಯಾಂಬೆ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಂತೂ ಗೆರೆ ಹಿಮದ ಮೇಲೆಯೇ ಹಾದುಹೋಗುತ್ತದೆ! ಸೆಕೆ ಬೇಕೆಂದರೆ ಕರಾವಳಿಯ ಗ್ವಾಯಾಕಿಲ್ ಬಂದರಿಗೋ ಪೂರ್ವದ ಅಮೆಜಾನ್ ಕಾಡಿಗೋ ಇಳಿಯಬೇಕು. ಚಳಿಗಾಲ ಎನ್ನುವ ಪದವೂ ಅಲ್ಲಿ ಬೇರೆ: ‘ಇನ್ವಿಯೆರ್ನೊ’ ಎಂದರೆ ಮಳೆಗಾಲ.

ಗೆರೆ ಕೊಟ್ಟ ಇನ್ನೊಂದು ತಮಾಷೆ ನನಗೆ ಜಾಸ್ತಿ ಇಷ್ಟ. ಭೂಮಿ ನಡುವಲ್ಲಿ ಸ್ವಲ್ಪ ಉಬ್ಬಿದೆ. ಹಾಗಾಗಿ 6,263 ಮೀಟರಿನ ಚಿಂಬೊರಾಸೊ ಶಿಖರದ ತುದಿ ಭೂಮಿಯ ಕೇಂದ್ರದಿಂದ ಎವರೆಸ್ಟ್ ತುದಿಗಿಂತ ಸುಮಾರು 2 ಕಿಲೋಮೀಟರ್ ದೂರ! ಕೀಟೊ ಹತ್ತಿರ ‘ಮಿತಾದ್ ದೆಲ್ ಮುಂದೊ’, ಅಂದರೆ ‘ಲೋಕದ ನಡು’ ಎಂಬ ಸ್ಮಾರಕವಿದೆ. ಅಲ್ಲಿನ ಹಳದಿ ಗೆರೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ನಿಜವಾದ ಗೆರೆ ಇರುವುದು ಸುಮಾರು 240 ಮೀಟರ್ ಆಚೆ. ಜಿಪಿಎಸ್ ಬಂದಮೇಲೆ ಗುಟ್ಟು ರಟ್ಟಾಯಿತು. ಫೋಟೊ ತೆಗೆಸಿಕೊಳ್ಳುವವರು ಕಮ್ಮಿಯಾಗಿಲ್ಲ.

ಹೋಗುವವರಿಗೆ ಎರಡು ಮಾತು. 2000ದಿಂದ ಅಲ್ಲಿ ಅಮೆರಿಕದ ಡಾಲರೇ ಚಲಾವಣೆ, ಹಳೆಯ ‘ಸುಕ್ರೆ’ ಹೋಯಿತು. ಕರೆಂಟು 120 ವೋಲ್ಟ್, ಪ್ಲಗ್ಗಿಗೆ ಚಪ್ಪಟೆ ಕಡ್ಡಿ. ನಮ್ಮ ಗುಂಡು ಕಡ್ಡಿಯ ಚಾರ್ಜರ್‌ಗೆ ಅಡಾಪ್ಟರ್ ಒಯ್ಯಿರಿ. ವರ್ಷವಿಡೀ ಬೆಳಗಾಗುವುದು ಆರರ ಸುಮಾರಿಗೆ, ಕತ್ತಲಾಗುವುದೂ ಆರರ ಸುಮಾರಿಗೆ. ಕೀಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಸಾವಿರ ಕಿಲೋಮೀಟರ್ ಪಶ್ಚಿಮಕ್ಕಿರುವ ಗಲಾಪಗೋಸ್ ದ್ವೀಪಗಳು ಅದೇ ದೇಶದವೇ ಆದರೂ ಇನ್ನೊಂದು ಗಂಟೆ ಹಿಂದೆ. ಮನೆಗೆ ಫೋನ್ ಮಾಡುವ ಮುಂಚೆ ಲೆಕ್ಕ ಹಾಕಿಕೊಳ್ಳಿ.